ಮುಲ್ಟೆ ಹಣ್ಣಿನ ಜಾಗ

"ಈ ಹಣ್ಣು ಎಲ್ಲಿಂದ ಕಿತ್ತು ತಂದಿದ್ದು?" ಎಂದು ದೋಣಿಯಲ್ಲಿ ಬಂದಿದ್ದ ಓಸ್ಲೋದ ಗಿರಾಕಿ ಚಮಚ ಎತ್ತಿ ಕೇಳಿದ. ಮೀನು ಯಾವ ಕೊಲ್ಲಿಯದು, ಕುರಿ ಯಾವ ಗುಡ್ಡದಲ್ಲಿ ಮೇಯ್ದದ್ದು ಎಂದು ಅಡುಗೆ ಮಾಡಿದ ಗುನ್ವೋರಳೇ ಮೇಜಿನ ಬಳಿ ಬಂದು ಹೇಳುವುದು ಆ ಹೋಟೆಲಿನ ಪದ್ಧತಿ. ಜೌಗಿನಲ್ಲಿ ಸಿಗುವ ಹಳದಿ ಮುಲ್ಟೆ ಹಣ್ಣಿಗೆ ಮಾತ್ರ ಅವಳದು ಹತ್ತೊಂಬತ್ತು ವರ್ಷದಿಂದ ಒಂದೇ ಉತ್ತರ.

"ನನ್ನ ಗಂಡನಿಗೆ ಗೊತ್ತು. ಮುಲ್ಟೆ ಸಿಗೋ ಜಾಗಾನ ನಮ್ಮ ದ್ವೀಪದಲ್ಲಿ ಹೆಂಡ್ತಿಗೂ ಹೇಳಲ್ಲ."

ಮೇಜಿನ ಸುತ್ತ ನಕ್ಕರು. ಗಂಡ ಐಲರ್ಟನನ್ನು ಮಣ್ಣು ಮಾಡಿ ಮೂರು ವಾರವಾಗಿತ್ತು. ಬಾಯಿಗೆ ಬಂದದ್ದು ಮಾತ್ರ ಹಳೆಯ ಮಾತೇ.

"ಒಂದಿನ ಚೆನ್ನಾಗಿ ಕುಡಿಸಿ ಕೇಳಿ, ಬಾಯಿ ಬಿಡ್ತಾರೆ," ಎಂದ ಗಿರಾಕಿ.

"ಕುಡಿಸಿಯೂ ನೋಡಿದೀನಿ," ಎಂದಳು. ಅವರು ಇನ್ನೂ ಜೋರಾಗಿ ನಕ್ಕರು.

ಅಡುಗೆಮನೆಗೆ ಬಂದು ಕೊನೆಯ ಜಾಡಿಯ ತಳ ಕೆರೆದು ಇನ್ನೊಂದು ತಟ್ಟೆಗೆ ಹಾಕಿದಳು. ಖಾಲಿ ಜಾಡಿಯನ್ನು ತೊಳೆದು, ಒರೆಸಿ, ಮುಚ್ಚಳವಿಟ್ಟು, ಹಿತ್ತಿಲ ಮೆಟ್ಟಿಲ ಮೇಲೆ ಇಟ್ಟಳು. ಪ್ರತಿ ವರ್ಷ ಹಣ್ಣು ತರಲು ಐಲರ್ಟ್ ಅಲ್ಲಿಂದಲೇ ಜಾಡಿ ಎತ್ತಿಕೊಂಡು ಹೋಗುತ್ತಿದ್ದ.

ತಟ್ಟೆ ಒಯ್ಯಲು ಬಂದ ಬಡಿಸುವ ಹುಡುಗಿ ಇಂಗಾ ಬಾಗಿಲಲ್ಲೇ ನಿಂತಳು. "ಅಕ್ಕಾ, ಅದನ್ನ ಯಾರಿಗೆ ಇಟ್ರಿ?"

ಗುನ್ವೋರ್ ಜಾಡಿಯನ್ನೇ ನೋಡಿದಳು. ಬಗ್ಗಿದಳು. ಎತ್ತಿಕೊಳ್ಳಲಿಲ್ಲ, ಮುಚ್ಚಳವನ್ನು ಇನ್ನಷ್ಟು ಬಿಗಿಯಾಗಿ ತಿರುಗಿಸಿದಳು.

"ಇಲ್ದಿದ್ರೆ ಜಾಡಿ ಒಳಗೆ ಹಿಮ ಬೀಳತ್ತೆ," ಎಂದಳು.