ಹನ್ನೊಂದನೆಯ ಪ್ರಶ್ನೆ

ಆರೋಗ್ಯ ಸಮೀಕ್ಷೆಗೆ ಬಂದ ಶೈಲಜಾ ಆ ಗುಡ್ಡದೂರಿನಲ್ಲಿ ಬೆಳಗಿನಿಂದ ಮೂವತ್ತೊಂದು ಮನೆ ಹತ್ತಿಳಿದಿದ್ದಳು. ಕಾಲು ಸೋತಿದ್ದವು, ಗಂಟಲು ಒಣಗಿತ್ತು. ಕಾಯಿಲೆ ಬಿದ್ದರೆ ಮೊದಲು ಎಲ್ಲಿಗೆ ಹೋಗುತ್ತೀರಿ ಎಂಬ ಹನ್ನೊಂದನೆಯ ಪ್ರಶ್ನೆಗೆ ಎಲ್ಲರದೂ ಒಂದೇ ಉತ್ತರ: “ಫಕೀರವ್ವನ ಮನಿಗೆ.” ಡಾಕ್ಟರ ಹೆಸರು ಒಬ್ಬರ ಬಾಯಲ್ಲೂ ಬರಲಿಲ್ಲ. ಯಾವಳೋ ನಾಟಿ ವೈದ್ಯೆ ಇಡೀ ಊರನ್ನು ಮರುಳು ಮಾಡಿದ್ದಾಳೆ ಎಂದುಕೊಂಡಳು ಶೈಲಜಾ.

ಕಡೆಯ ಮನೆ ಫಕೀರವ್ವನದೇ. ಮುದುಕಿ ತಂಬಿಗೆಯಲ್ಲಿ ನೀರು ಕೊಟ್ಟಳು. ಶೈಲಜಾ ಪಡಸಾಲೆಯ ಹಗ್ಗದ ಹೊರಸಿನ ಮೇಲೆ ಕುಸಿದು ಕುಳಿತಳು.

“ಏನ್ ಔಷಧ ಕೊಡ್ತೀರಿ ಅಜ್ಜಿ?”

“ನನಗೆಲ್ಲಿ ಔಷಧ ಗೊತ್ತೈತಿ ತಂಗಿ? ನನ್ನ ಮಣಕಾಲ ನೋವಿಗೇ ದಿಕ್ಕಿಲ್ಲ.”

“ಮತ್ತ ಮಂತ್ರ? ತಾಯತ?”

“ಅವ್ಯಾವೂ ಬರಂಗಿಲ್ಲ.”

“ಸುಳ್ಳು ಹೇಳಬ್ಯಾಡ್ರಿ. ಊರಿಗೆ ಊರೇ ನಿಮ್ಮ ಹೆಸರು ಹೇಳೇತಿ.”

ಮುದುಕಿ ಬಾಯಿ ತೆರೆಯುವಷ್ಟರಲ್ಲಿ ನಾಲ್ವರು ಗಂಡಸರು ಏದುಸಿರು ಬಿಡುತ್ತ ಬಾಗಿಲಿಗೆ ಬಂದರು. “ಯವ್ವಾ, ಕಲ್ಲಪ್ಪನ ಹೆಂಡ್ತಿಗೆ ಹೆರಿಗಿ ಬ್ಯಾನಿ ಸುರು ಆಗ್ಯಾವು!”

ಶೈಲಜಾ ಪೆನ್ನು ಬಿಚ್ಚಿದಳು. ಇನ್ನು ಮುದುಕಿಯ ವೈದ್ಯವನ್ನು ಕಣ್ಣಾರೆ ನೋಡಬಹುದು.

ಫಕೀರವ್ವ ಅವಳ ಭುಜ ಮುಟ್ಟಿದಳು. “ಸ್ವಲ್ಪ ಏಳವ್ವ ತಂಗಿ. ಆಂಬುಲೆನ್ಸ್ ನಿಲ್ಲೂ ರಸ್ತೆ ನಾಕು ಮೈಲಿ ಐತಿ. ಅಲ್ಲೀತನಕ ಆಕೀನ ಮಲಗಿಸಿ ಹೊತ್ಕೊಂಡು ಹೋಗಾಕ ಊರಾಗ ಇರೂದು ಇದೊಂದ ಹೊರಸು.”