ಇಕ್ಕಳಕ್ಕೆ ಒಗ್ಗರಣೆ

ಹಲ್ಲು ಕೀಳಿಸಿಕೊಂಡು ಹತ್ತಿ ಕಚ್ಚಿ ಕೂತಿದ್ದ ಶುಚಿತ್ವ ತಪಾಸಣೆಯ ಸಾಹೇಬರ ಮೂಗಿಗೆ ಬೆಳ್ಳುಳ್ಳಿ ಘಾಟು ಬಡಿಯಿತು. ಕ್ಲಿನಿಕ್ಕಿನ ಆಯಮ್ಮ, ಇಕ್ಕಳ ಸೂಜಿಗಳನ್ನು ಬೇಯಿಸಬೇಕಾದ ಸ್ಟೀಲ್ ಪೆಟ್ಟಿಗೆಯ ಮುಚ್ಚಳ ತೆಗೆದಳು. ಹಬೆಯಾಡುತ್ತಾ ಹೊರಬಂದದ್ದು ಡಾಕ್ಟರ ಊಟದ ಡಬ್ಬಿ.

ಸಾಹೇಬರು ಬಾಯಿಂದ ಹತ್ತಿ ತೆಗೆದರು. "ಥೂ! ಮತ್ತೆ ಇಕ್ಕಳ ಎಲ್ಲಿ ಬೇಯಿಸ್ತೀಯ?"

"ನಲ್ಲಿ ಕೆಳಗೆ ತೊಳೆದು, ಇದರಲ್ಲೇ ಒರೆಸಿಬಿಡ್ತೀನಿ," ಎಂದು ಆಯಮ್ಮ ಡಬ್ಬಿ ಹಿಡಿದಿದ್ದ ಜಿಡ್ಡುಗಟ್ಟಿದ ಮಸಿಬಟ್ಟೆಯನ್ನು ತೋರಿಸಿದಳು. "ಊಟ ಹಳಸತ್ತೆ, ಕಬ್ಬಿಣ ಹಳಸತ್ತಾ ಸಾರ್? ಹೋದ ತಿಂಗಳು ತಪಾಸಣೆಗೆ ಬಂದಾಗ ಎಲ್ಲಾ ಲಕಲಕ ಅಂತಿದೆ ಅಂದೋರು ನೀವೇ ಅಲ್ವಾ?"

ಹೌದು, ಅಂದಿದ್ದರು. ಈ ಮುಚ್ಚಳ ತೆಗೆಸದೆಯೇ ಕಾಫಿ ಕುಡಿದು ಸಹಿ ಗೀಚಿ ಎದ್ದಿದ್ದರು. ಈಗ ಅವರ ನಾಲಿಗೆ ಮೆಲ್ಲಗೆ, ಹಲ್ಲಿದ್ದ ಕುಳಿಯನ್ನು ತಡವಿತು. ಅಲ್ಲೂ ಬೆಳ್ಳುಳ್ಳಿಯದೇ ರುಚಿ.