ರೇಡಿಯೊ ಸುಮ್ಮನಿದ್ದ ದಿನ

"ನೀನಲ್ದೆ ಇನ್ಯಾರು ಹೇಳಿರ್ತಾರೆ? ನಿನ್ನ ಬಾಯಲ್ಲಿ ಎಳ್ಳುಕಾಳೂ ನೆನೆಯಲ್ಲ!"

ಹೆರಿಗೆ ವಾರ್ಡಿನ ದೊಡ್ಡ ಸಿಸ್ಟರ್ ಇದನ್ನು ಎಲ್ಲರೆದುರಿಗೇ ಹೇಳಿದರು. ಹೊಸ ನರ್ಸ್ ತಲೆ ತಗ್ಗಿಸಿ ನಿಂತಿದ್ದಳು. ಅವಳಿಗೆ 'ರೇಡಿಯೊ' ಎಂದು ಹೆಸರಿಟ್ಟವರೂ ದೊಡ್ಡ ಸಿಸ್ಟರೇ.

ಬೆಳಗ್ಗೆಯಿಂದ ಆಸ್ಪತ್ರೆಯ ಕಂಪ್ಯೂಟರ್ ಪರದೆಗಳೆಲ್ಲ ಕೆಂಪಗೆ ಉರಿಯುತ್ತಿದ್ದವು. ನಿಮ್ಮ ಕಡತಗಳಿಗೆ ಬೀಗ ಬಿದ್ದಿದೆ, ಹಣ ಕೊಟ್ಟರೆ ತೆಗೆಯುತ್ತೇವೆ ಎಂದು ಯಾರೋ ಕಳ್ಳರು ಬರೆದಿದ್ದರು. ಹೆರಿಗೆಗೆ ಬಂದವರ ರಕ್ತದ ಗುಂಪನ್ನು ಮತ್ತೆ ಪರೀಕ್ಷಿಸಬೇಕಾಯಿತು. "ಮೊನ್ನೆ ತಾನೇ ರಕ್ತ ಕೊಟ್ಟಿದ್ನಲ್ಲ ಸಿಸ್ಟರ್?" ಎಂದು ಒಬ್ಬಳು ನರಳುತ್ತ ಕೇಳಿದಾಗ ದೊಡ್ಡ ಸಿಸ್ಟರಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಕಳ್ಳರು ನುಗ್ಗಿದ್ದು ಅವರ ವಾರ್ಡಿನ ಕಂಪ್ಯೂಟರಿನಿಂದಲೇ.

"ಯಾರೂ ಬೀಗ ಒಡೆದಿಲ್ಲ," ಎಂದಿದ್ದ ಕಂಪ್ಯೂಟರ್ ನೋಡಲು ಬಂದ ಎಂಜಿನಿಯರ್. "ನಿಮ್ಮ ಪಾಸ್‌ವರ್ಡ್ ಹಾಕ್ಕೊಂಡೇ ಬಂದಿದಾರೆ. ಒಂದ್ಸಲ ತಪ್ಪಿದಾರೆ, ಎರಡನೇ ಸಲಕ್ಕೆ ಸರಿಯಾಗಿ ಹಾಕಿದಾರೆ. ಯಾರೋ ದಾರಿ ತೋರಿಸಿರಬೇಕು. ಎಲ್ಲಾದ್ರೂ ಬರೆದು ಅಂಟಿಸಿದ್ರಾ?"

"ಚೀಟಿ ಅಂಟಿಸೋ ವಾರ್ಡು ನಮ್ದಲ್ಲಪ್ಪ."

ಅದು ನಿಜ. ಇಡೀ ವಾರ್ಡಿಗೆ ಒಂದೇ ಪಾಸ್‌ವರ್ಡ್. ತಿಂಗಳು ಹುಟ್ಟಿದೊಡನೆ ಅದನ್ನು ಬದಲಿಸಿ, ನರ್ಸುಗಳ ಕಿವಿಯಲ್ಲಿ ಹೇಳುವವರು ದೊಡ್ಡ ಸಿಸ್ಟರ್. ಹಳಬರು ಗುಟ್ಟು ಬಿಡುವವರಲ್ಲ. ಉಳಿದವಳು ರೇಡಿಯೊ.

"ಸಿಸ್ಟರ್, ಮುಂಬಾಗಿಲ ಬೋರ್ಡು ತೆಗೆದುಬಿಡ್ಲಾ?" ಎಂದಳು ರೇಡಿಯೊ ಮೆಲ್ಲಗೆ.

ಪ್ರತಿ ತಿಂಗಳು ಹುಟ್ಟುವ ಮೊದಲ ಮಗುವಿನ ಫೋಟೊ, ವಿವರ ಹಾಕುವ ಬೋರ್ಡು ಅದು. ಆಸ್ಪತ್ರೆಯ ವೆಬ್‌ಸೈಟಿನಲ್ಲೂ ಅದೇ ಫೋಟೊ, ಅದೇ ವಿವರ. ಎರಡೂ ದೊಡ್ಡ ಸಿಸ್ಟರ್ ಶುರುಮಾಡಿದ್ದು, ಅವರ ಹೆಮ್ಮೆ.

"ಮನೆಗೆ ಬೆಂಕಿ ಬಿದ್ದಿದೆ, ಇವಳಿಗೆ ಬೋರ್ಡಿನ ಚಿಂತೆ! ಅದನ್ನ ಮುಟ್ಟಿದ್ರೆ ನೋಡು."

"ಹಾಗಲ್ಲ... ನಿಮ್ಮೊಬ್ಬರ ಹತ್ರಾನೇ ಒಂದು ಮಾತು ಹೇಳ್ಬೇಕಿತ್ತು. ಎಲ್ಲರೆದುರಿಗೆ ಬೇಡ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು, ಅಂದುಕೊಂಡರು ದೊಡ್ಡ ಸಿಸ್ಟರ್. "ಹೇಳೋದಿದ್ರೆ ಇಲ್ಲೇ ಹೇಳು."

ರೇಡಿಯೊ ಎಂಜಿನಿಯರನ್ನು ನೋಡಿದಳು, ಸಾಲಾಗಿ ನಿಂತ ನರ್ಸುಗಳನ್ನು ನೋಡಿದಳು. ಕೊನೆಗೆ ದೊಡ್ಡ ಸಿಸ್ಟರನ್ನು. ಕಣ್ಣು ತುಂಬಿಕೊಂಡಿತು. ಬಾಯಿ ಮಾತ್ರ ತೆರೆಯಲಿಲ್ಲ.

ಮಧ್ಯಾಹ್ನ ಆಸ್ಪತ್ರೆಯ ಮುಖ್ಯಸ್ಥರು ಕೇಳಿದರು: "ಇವಳೇ ಅಂತೀರಾ?" ದೊಡ್ಡ ಸಿಸ್ಟರ್ ಹೂಂ ಎಂದರು. ರೇಡಿಯೊ ಗುರುತಿನ ಚೀಟಿಯನ್ನು ಮೇಜಿನ ಮೇಲಿಟ್ಟು ಹೊರಟುಹೋದಳು. ಹೋಗುವಾಗ ಯಾರ ಮೇಲೂ ದೂರು ಹೇಳಲಿಲ್ಲ.

ಕೆಲಸ ಮುಗಿಸಿ ದೊಡ್ಡ ಸಿಸ್ಟರ್ ಮುಂಬಾಗಿಲಿಗೆ ಬಂದಾಗ, ಮೊಮ್ಮಗುವನ್ನು ನೋಡಲು ಬಂದಿದ್ದ ಅಜ್ಜಿಯೊಬ್ಬಳು ಬೋರ್ಡಿನ ಮುಂದೆ ನಿಂತಿದ್ದಳು. ಕನ್ನಡಕ ಸರಿಮಾಡಿಕೊಂಡು ಗಂಡನಿಗೆ ಗಟ್ಟಿಯಾಗಿ ಓದಿ ಹೇಳಿದಳು: "ನೋಡ್ರೀ, ಎಷ್ಟು ದುಂಡಗಿದೆ ಕೂಸು! ಮೂರು ಸಾವಿರದ ನೂರೆಂಬತ್ತು ಗ್ರಾಂ ಅಂತೆ."

ದೊಡ್ಡ ಸಿಸ್ಟರ್ ನಿಂತಲ್ಲೇ ನಿಂತರು. 'ಹೇಳೋದಿದ್ರೆ ಇಲ್ಲೇ ಹೇಳು' ಎಂದ ತಮ್ಮದೇ ದನಿ ಕಿವಿಗೆ ಬಡಿಯಿತು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಪಾಸ್‌ವರ್ಡ್ ಮರೆತ ನರ್ಸುಗಳಿಗೆ ಅನುಕೂಲವಾಗಲೆಂದು, ಒಮ್ಮೆ ತಪ್ಪಾಗಿ ಹಾಕಿದರೆ ಪರದೆಯ ಮೇಲೆ ಮೂಡುವ ಹಾಗೆ ಅವರೇ ಒಂದು ಸುಳಿವು ಬರೆದಿಟ್ಟಿದ್ದರು:

'ಈ ತಿಂಗಳ ಮೊದಲ ಮಗುವಿನ ತೂಕ.'